ಯಾವುದು ನಮ್ಮ ಪಾಲು, ಯಾವುದು ಸರ್ಕಾರದ ಪಾಲು: ಬೇರೆ ಮಾಡಿಕೊಂಡು ಕೆಲಸ ಮುಗಿಸುವುದು ಹೇಗೆ

ನನ್ನ ಮಗಳು ಮೂರನೇ ತರಗತಿಯಲ್ಲಿದ್ದಳು. ಒಂದು ಪುಟ ಓದಲು ಕೊಟ್ಟರೆ ಮೂರು ಸಾಲಿಗೇ ಸುಸ್ತಾಗಿ ಪುಸ್ತಕ ಮುಚ್ಚುತ್ತಿದ್ದಳು. ಹೆಚ್ಚುಕಡಿಮೆ ಎಂಟು ತಿಂಗಳು ನಾನು ಶಾಲೆಯನ್ನು ಬೈದುಕೊಂಡೇ ಕಳೆದೆ. ಮೇಷ್ಟ್ರು ಗಮನ ಕೊಡುತ್ತಿಲ್ಲ, ಸರ್ಕಾರ ಸಾಕಷ್ಟು ಮೇಷ್ಟ್ರನ್ನು ಕೊಟ್ಟಿಲ್ಲ, ಇಷ್ಟೇ ನನ್ನ ಮಾತು. ಅದು ಸುಳ್ಳೂ ಆಗಿರಲಿಲ್ಲ. ಒಂದು ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು. ಗೋಡೆಯ ಮೇಲಿನ ಕ್ಯಾಲೆಂಡರ್ ತೋರಿಸಿ, ಇವತ್ತು ತಾರೀಖು ಎಷ್ಟು ನೋಡು ಎಂದೆ. ಎದ್ದು ಹೋಗಿ, ಗೋಡೆಗೆ ಮುಖ ತಾಗಿಸಿ ನಿಂತು ಹೇಳಿದಳು. ಕೂತಲ್ಲಿಂದ ಕಾಣಲ್ವಾ ಎಂದು ಕೇಳಿದರೆ, "ಅಲ್ಲಿಂದ ಯಾರಿಗೂ ಕಾಣಲ್ಲ ಅಲ್ವಾ ಅಮ್ಮಾ?" ಎಂದಳು. ಆ ಮಗು ಎರಡು ವರ್ಷದಿಂದ ಕೊನೆಯ ಬೆಂಚಿನಲ್ಲಿ ಕೂತು, ಕಾಣದ ಕಪ್ಪು ಹಲಗೆಯನ್ನು ನೋಡುತ್ತಿತ್ತು.

ಈಗ ಹೇಳಿ, ಇದು ಯಾರ ತಪ್ಪು? ಕಣ್ಣು ತೋರಿಸಬೇಕಾಗಿದ್ದು ನಾನು. ಮುಂದಿನ ಬೆಂಚಿಗೆ ಕರೆದು ಕೂರಿಸಬೇಕಾಗಿದ್ದು ಮೇಷ್ಟ್ರು. ಒಬ್ಬ ಮೇಷ್ಟ್ರ ಮುಂದೆ ಒಂದೊಂದು ಮುಖವೂ ನೆನಪಿರದಷ್ಟು ಮಕ್ಕಳನ್ನು ತುಂಬಬಾರದಿತ್ತು, ಶಾಲೆಯಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ನಡೆಸಬೇಕಿತ್ತು, ಅದು ಸರ್ಕಾರದ ಕೆಲಸ. ಒಂದೇ ತೊಂದರೆ, ಮೂರು ಪಾಲು. ನಾನು ಎಂಟು ತಿಂಗಳು ಅದನ್ನು ಒಂದೇ ಗಂಟು ಮಾಡಿ ಬೇರೆಯವರ ತಲೆಗೆ ಹೊರಿಸಿದ್ದೆ.

"ಎಲ್ಲವನ್ನೂ ಸರ್ಕಾರವೇ ಮಾಡಬೇಕು" ಅನ್ನುವವರು ಒಂದು ಕಡೆ, "ನಿಮ್ಮ ಮಕ್ಕಳು, ನಿಮ್ಮ ಬದುಕು, ನೀವೇ ನೋಡಿಕೊಳ್ಳಿ" ಅನ್ನುವವರು ಇನ್ನೊಂದು ಕಡೆ. ಈ ಜಗಳ ಎಷ್ಟು ಹೊತ್ತು ಬೇಕಾದರೂ ನಡೆಯುತ್ತದೆ. ಅಷ್ಟರಲ್ಲಿ ಮಗು ಇನ್ನೊಂದು ತರಗತಿ ದಾಟಿರುತ್ತದೆ. ಹಾಗಾಗಿ ಜಗಳ ಬಿಟ್ಟು, ಕೆಲಸ ಪಾಲು ಹಾಕುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕಂಡುಕೊಂಡಿದ್ದು ಇಷ್ಟು: ನಮ್ಮ ಪಾಲನ್ನು ಇವತ್ತೇ ಶುರು ಮಾಡಬೇಕು, ಅವರ ಪಾಲನ್ನು ಬರೆದು ಕೇಳಬೇಕು, ಒಂದನ್ನು ಮಾಡಿದ್ದೇವೆ ಅಂತ ಇನ್ನೊಂದನ್ನು ಬಿಡಬಾರದು.

ಮೊದಲು ಗಂಟು ಬಿಚ್ಚಿ

ಒಂದು ಹಾಳೆ ತೆಗೆದುಕೊಂಡು ಮೂರು ಭಾಗ ಮಾಡಿ. ನಮ್ಮದು, ಅವರದು, ಇಬ್ಬರದೂ. ತೊಂದರೆಯನ್ನು "ಶಾಲೆ ಸರಿ ಇಲ್ಲ" ಅಂತ ಬರೆಯಬೇಡಿ, ಅದರಿಂದ ಏನೂ ಹುಟ್ಟುವುದಿಲ್ಲ. "ಗುಣಾಕಾರ ಬರುವುದಿಲ್ಲ", "ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ", "ಗಣಿತದ ಪಾಠ ಎರಡು ತಿಂಗಳಿಂದ ನಡೆದಿಲ್ಲ", ಹೀಗೆ ಕಣ್ಣಿಗೆ ಕಾಣುವ ಮಾತಲ್ಲಿ ಬರೆಯಿರಿ. ಒಂದೊಂದಕ್ಕೂ ಮೂರು ಪ್ರಶ್ನೆ ಕೇಳಿ.

ನಮ್ಮ ಮನೆಯವರಷ್ಟೇ ಮಾಡಿದರೆ ಇದು ಮುಗಿಯುತ್ತದಾ? ಹೌದು ಅಂದರೆ ನಮ್ಮದು. ಮಗುವನ್ನು ಹೊತ್ತಿಗೆ ಸರಿಯಾಗಿ ಮಲಗಿಸಲು ಯಾವ ಇಲಾಖೆಯೂ ಬರುವುದಿಲ್ಲ.

ಪಕ್ಕದ ಮನೆಯವರು ಮಾಡದಿದ್ದರೆ ನಮಗೂ ತೊಂದರೆ ಆಗುತ್ತದಾ? ಹೌದು ಅಂದರೆ ಅದು ಒಬ್ಬರಿಂದ ಆಗುವ ಕೆಲಸವೇ ಅಲ್ಲ, ಅಲ್ಲಿ ಸರ್ಕಾರ ಬೇಕೇ ಬೇಕು. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ಒಂದೊಂದಾಗಿ ಗುರುತು ಮಾಡಿ, ಕಾಯಿಲೆ ಒಂದು ಬೀದಿ ಪಂಪಿನ ನೀರಿನಿಂದ ಹರಡುತ್ತಿದೆ ಎಂದು ತೋರಿಸಿದರು. ಅಲ್ಲಿನ ಆಡಳಿತ ಆ ಪಂಪಿನ ಹಿಡಿಯನ್ನೇ ಬಿಚ್ಚಿಸಿತು. ಆದರೂ ಊರಿನ ಕೊಳಚೆ ನದಿಗೆ ಹೋಗುವುದು ನಿಲ್ಲಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನ ಒಳಗೇ ಬಂದ ಮೇಲೆ ಹಣ ಬಿಡುಗಡೆಯಾಯಿತು, ಜೋಸೆಫ್ ಬಜಾಲ್ಗೆಟ್ ಎಂಬ ಎಂಜಿನಿಯರ್ ಊರಿಗೆಲ್ಲ ಒಳಚರಂಡಿ ಕಟ್ಟಿದರು. ಒಂದು ಮನೆಯವರು ಎಷ್ಟೇ ಜವಾಬ್ದಾರಿಯಿಂದ ಇದ್ದರೂ ಒಳಚರಂಡಿ ಕಟ್ಟಿಕೊಳ್ಳಲು ಆಗುತ್ತಾ? ನೀರು ಕುದಿಸಿ ಕುಡಿಯಬಹುದು, ಅಷ್ಟೇ.

ಮೂರನೇ ಪ್ರಶ್ನೆ, ಅವರು ಕೊಟ್ಟಿದ್ದನ್ನು ನಾವು ತೆಗೆದುಕೊಳ್ಳದಿದ್ದರೆ ಕೆಲಸ ಕೆಡುತ್ತದಾ? ಇದು ಇಬ್ಬರದೂ. ಲಸಿಕೆ ತರಿಸುವುದು, ತಂಪಾಗಿ ಇಡುವುದು, ಪುಕ್ಕಟೆ ಕೊಡುವುದು ಸರ್ಕಾರದ್ದು. ಮಗುವನ್ನು ಕರೆದುಕೊಂಡು ಹೋಗುವುದು ನಮ್ಮದು. ದಡಾರ ಹರಡದಂತೆ ತಡೆಯಲು ನೂರಕ್ಕೆ 95 ಜನ ಲಸಿಕೆ ಹಾಕಿಸಿಕೊಂಡಿರಬೇಕು. ಇಬ್ಬರಲ್ಲಿ ಯಾರು ತಪ್ಪಿದರೂ ಆ 95 ಸಿಗುವುದಿಲ್ಲ.

ಶಿಕ್ಷಣ ಪೂರ್ತಿಯಾಗಿ ಈ ಮೂರನೇ ಜಾತಿಯದು. ಎಲಿನರ್ ಓಸ್ಟ್ರಮ್, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ, 1970ರ ದಶಕದಲ್ಲಿ ಅಮೆರಿಕದ ಊರುಗಳಲ್ಲಿ ಪೊಲೀಸ್ ಸೇವೆ ಹೇಗೆ ನಡೆಯುತ್ತದೆ ಎಂದು ನೋಡುತ್ತಾ ಒಂದು ವಿಷಯ ಕಂಡುಕೊಂಡರು. ಸೇವೆ ಅನ್ನುವುದು ಕೊಡುವವರು ಒಬ್ಬರೇ ತಯಾರಿಸುವ ವಸ್ತುವಲ್ಲ, ಪಡೆಯುವವರೂ ಸೇರಿ ತಯಾರಿಸಬೇಕು. ಬೀದಿಯ ಜನ ಮಾತಾಡದಿದ್ದರೆ ಪೊಲೀಸರಿಗೆ ಕಳ್ಳ ಸಿಗುವುದಿಲ್ಲ. ಪಾಠವೂ ಹಾಗೆಯೇ ಅಲ್ವಾ? ಮೇಷ್ಟ್ರು ಎಷ್ಟು ಚೆನ್ನಾಗಿ ಹೇಳಿದರೂ ಕಲಿಯುವ ಕೆಲಸವನ್ನು ಮಗುವೇ ಮಾಡಬೇಕು. ಮಗು ಮಾಡುವಂತೆ ನೋಡಿಕೊಳ್ಳುವುದು ಮನೆ. 1948ರ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ 26ನೇ ಕಲಮು ಕೂಡ ಎರಡನ್ನೂ ಒಟ್ಟಿಗೇ ಹೇಳುತ್ತದೆ: ಪ್ರಾಥಮಿಕ ಶಿಕ್ಷಣ ಪುಕ್ಕಟೆಯಾಗಿರಬೇಕು, ಕಡ್ಡಾಯವಾಗಿರಬೇಕು. ಎಂಥ ಶಿಕ್ಷಣ ಬೇಕು ಅಂತ ಆರಿಸುವ ಮೊದಲ ಹಕ್ಕು ತಂದೆತಾಯಿಯದು.

ನಮ್ಮ ಪಾಲು: ಕಮ್ಮಿ, ಆದರೆ ದಿನಾ

ಒಂದು ಸಣ್ಣ ಲೆಕ್ಕ ಮಾಡೋಣ. ಶಾಲೆ ವರ್ಷಕ್ಕೆ 200 ದಿನ, ದಿನಕ್ಕೆ 6 ಗಂಟೆ ಅಂದುಕೊಳ್ಳಿ. 1200 ಗಂಟೆ ಆಯಿತು. ವರ್ಷಕ್ಕೆ ಇರುವುದು 8760 ಗಂಟೆ. ದಿನಕ್ಕೆ 10 ಗಂಟೆ ನಿದ್ದೆ ಅಂತ 3650 ಕಳೆದರೂ, ಶಾಲೆಯ ಹೊರಗೆ ಎಚ್ಚರವಿರುವ ಹೊತ್ತು ಸುಮಾರು 3900 ಗಂಟೆ ಉಳಿಯುತ್ತದೆ. ಶಾಲೆಯ ಮೂರು ಪಟ್ಟಿಗಿಂತ ಜಾಸ್ತಿ. ಈ ಲೆಕ್ಕ ಹಾಕಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ಹೊತ್ತನ್ನು ನನ್ನ ಕೈಯಲ್ಲಿ ಇಟ್ಟುಕೊಂಡು 1200 ಗಂಟೆಯವರನ್ನು ಮಾತ್ರ ಬೈಯುತ್ತಿದ್ದೆ.

ಹಾಗಂತ ಮನೆಯನ್ನೇ ಇನ್ನೊಂದು ಶಾಲೆ ಮಾಡಬೇಡಿ. ಮಾಡಬೇಕಾದ್ದು ನಾಲ್ಕೈದು ಕೆಲಸ.

ನಿದ್ದೆ ಮೊದಲು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ಅರ್ಧ ನಿದ್ದೆಯ ಮಗುವಿಗೆ ಎಂಥ ಮೇಷ್ಟ್ರು ಸಿಕ್ಕರೂ ಅಷ್ಟೇ. ಆಮೇಲೆ ಹಾಜರಿ. "ಒಂದು ದಿನ ತಾನೇ" ಅಂತ ತಿಂಗಳಿಗೆ ಎರಡು ದಿನ ರಜೆ ಹಾಕಿಸಿದರೆ ಹತ್ತು ತಿಂಗಳಿಗೆ 20 ದಿನ. ಅಂದರೆ ವರ್ಷದ ಹತ್ತನೇ ಒಂದು ಭಾಗ ಹೋಯಿತು, ಅದೂ ನಮ್ಮ ಕೈಯಿಂದ.

ಓದಿಸುವುದಕ್ಕೆ ದಿನಕ್ಕೆ 20 ನಿಮಿಷ ಸಾಕು, ಆದರೆ ಬಿಡಬಾರದು. ನಾನು ಮಾಡಿದ್ದು ಹೀಗೆ. ಅವಳು ಒಂದು ಪುಟ ಜೋರಾಗಿ ಓದುತ್ತಾಳೆ, ನಾನು ಒಂದು ಪುಟ ಓದುತ್ತೇನೆ. ತಪ್ಪಿದರೆ ತಕ್ಷಣ ತಿದ್ದುವುದಿಲ್ಲ, ಸಾಲು ಮುಗಿಯುವವರೆಗೆ ಕಾಯುತ್ತೇನೆ. ಎಷ್ಟೋ ಸಲ ಅವಳೇ ಹಿಂದೆ ಹೋಗಿ ತಿದ್ದಿಕೊಳ್ಳುತ್ತಾಳೆ. ಪುಸ್ತಕ ಮುಚ್ಚಿದ ಮೇಲೆ "ಏನಾಯ್ತು ಕಥೆಯಲ್ಲಿ?" ಅಂತ ಒಂದೇ ಪ್ರಶ್ನೆ. ನಿಮಗೆ ಓದಲು ಬರುವುದಿಲ್ಲವಾದರೂ ಇದನ್ನು ಮಾಡಬಹುದು. ಮಗು ಓದಲಿ, ನೀವು ಕೇಳಿ, ಕೊನೆಗೆ ಕಥೆ ಹೇಳಿಸಿ. ಕನ್ನಡಕ ಬಂದು ಐದು ತಿಂಗಳಾಗುವ ಹೊತ್ತಿಗೆ ಅವಳು ಪುಟ ತಿರುಗಿಸಲು ನನ್ನನ್ನು ಕಾಯುವುದನ್ನು ಬಿಟ್ಟಳು.

ಇನ್ನೊಂದು, ಮೇಷ್ಟ್ರನ್ನು ವರ್ಷಕ್ಕೆ ಮೂರು ಸಲವಾದರೂ ನೋಡಿ, ದೂರು ಇಲ್ಲದಿದ್ದಾಗಲೂ. "ನನ್ನ ಮಗು ಹೇಗೆ ಓದುತ್ತಿದೆ?" ಎಂದರೆ "ಪರವಾಗಿಲ್ಲ" ಅನ್ನುವ ಉತ್ತರ ಬರುತ್ತದೆ. "ಅವಳಿಗೆ ಈಗ ಬರದೇ ಇರುವ ಒಂದು ವಿಷಯ ಹೇಳಿ, ಮನೆಯಲ್ಲಿ ಅದನ್ನೇ ಮಾಡಿಸುತ್ತೇನೆ" ಎಂದು ಕೇಳಿ ನೋಡಿ. ಆ ಮೇಷ್ಟ್ರ ಮುಖವೇ ಬದಲಾಗುತ್ತದೆ.

ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಾರೀಖು, ಓದಿಸಿದ ಪುಟ, ಮೇಷ್ಟ್ರು ಹೇಳಿದ ಮಾತು. ಅವರ ಪಾಲು ಕೇಳಲು ಹೋದಾಗ ಇದು ಕೆಲಸಕ್ಕೆ ಬರುತ್ತದೆ.

ಅವರ ಪಾಲು: ಕೇಳುವ ರೀತಿ

ಇಲ್ಲಿ ಜಾಸ್ತಿ ಜನ ಸೋಲುತ್ತಾರೆ. ಬಾಯಲ್ಲಿ ಕೇಳುತ್ತಾರೆ, ಸಿಟ್ಟಲ್ಲಿ ಕೇಳುತ್ತಾರೆ, ಸಂಬಂಧವೇ ಇಲ್ಲದವರನ್ನು ಕೇಳುತ್ತಾರೆ.

ಮೊದಲು ಯಾರ ಕೆಲಸ ಅಂತ ಹುಡುಕಿ. ಪಾಠ ಮಾಡುವುದು ಮೇಷ್ಟ್ರ ಕೆಲಸ, ಮೇಷ್ಟ್ರನ್ನು ಕೊಡುವುದು ಅವರ ಕೈಯಲ್ಲಿಲ್ಲ. ನೀರಿನಲ್ಲಿ ಈ ಗಡಿ ಇನ್ನೂ ಸ್ಪಷ್ಟ. ಎಷ್ಟೋ ಕಡೆ ಮೀಟರಿನವರೆಗಿನ ಪೈಪು ನೀರು ಕೊಡುವವರದು, ಮೀಟರಿನಿಂದ ಒಳಗಿನದು ಮನೆಯವರದು. ಬಿಲ್ಲು ಜಾಸ್ತಿ ಬಂತು ಅಂತ ಜಗಳಕ್ಕೆ ಹೋಗುವ ಮೊದಲು ಮನೆಯ ಎಲ್ಲ ನಲ್ಲಿ ಮುಚ್ಚಿ ಮೀಟರಿನ ಅಂಕಿ ಬರೆದುಕೊಳ್ಳಿ. ಎರಡು ಗಂಟೆ ಯಾರೂ ನೀರು ಮುಟ್ಟಬೇಡಿ. ಮತ್ತೆ ನೋಡಿ. ಅಂಕಿ ಓಡಿದ್ದರೆ ಸೋರುತ್ತಿರುವುದು ಹೆಚ್ಚಾಗಿ ನಮ್ಮ ಕಡೆ. ಓಡದಿದ್ದರೆ ಆ ಎರಡು ಅಂಕಿಯನ್ನು ಬರೆದುಕೊಂಡೇ ಕಚೇರಿಗೆ ಹೋಗಿ. ನಮ್ಮ ಕಡೆ ನೋಡಿಕೊಂಡು ಬಂದಿದ್ದೇವೆ ಅಂತ ಗೊತ್ತಾದರೆ ಗುಮಾಸ್ತರು ಮಾತಾಡುವ ರೀತಿಯೇ ಬೇರೆ.

ಆಮೇಲೆ ಬರೆಯಿರಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ. ಐದು ವಿಷಯ ಬರೆದರೆ ಅವರು ಸುಲಭವಾದ ಒಂದಕ್ಕೆ ಉತ್ತರ ಕೊಟ್ಟು ಕಡತ ಮುಚ್ಚುತ್ತಾರೆ. ಮಗಳ ಶಾಲೆಯ ಶೌಚಾಲಯದ ವಿಷಯದಲ್ಲಿ ನಾವು ಬರೆದ ಅರ್ಜಿ ಹೆಚ್ಚುಕಡಿಮೆ ಹೀಗಿತ್ತು:

"ಮುಖ್ಯ ಶಿಕ್ಷಕರಿಗೆ ನಮಸ್ಕಾರ. ಹುಡುಗಿಯರ ಶೌಚಾಲಯದ ಎರಡು ಬಾಗಿಲುಗಳಲ್ಲಿ ಒಂದಕ್ಕೆ ಒಳಗಿನ ಚಿಲಕ ಇಲ್ಲ. ಶಾಲೆ ಶುರುವಾದ ದಿನದಿಂದ ಹೀಗೇ ಇದೆ. ಮಕ್ಕಳು ಬೆಳಿಗ್ಗೆಯಿಂದ ನೀರು ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುತ್ತಿದ್ದಾರೆ. ಹದಿನೈದು ದಿನದೊಳಗೆ ಚಿಲಕ ಹಾಕಿಸಬೇಕೆಂದು ಕೇಳುತ್ತೇವೆ. ನಿಮ್ಮ ಬಳಿ ಇದಕ್ಕೆ ಹಣ ಇಲ್ಲದಿದ್ದರೆ, ಯಾವ ಕಚೇರಿಗೆ ಬರೆಯಬೇಕು ಎಂದು ಇದೇ ಹಾಳೆಯ ಕೆಳಗೆ ಬರೆದುಕೊಡಿ."

ಆ ಕೊನೆಯ ಸಾಲೇ ಮುಖ್ಯ. "ಹಣ ಇಲ್ಲ" ಎಂದು ಹೇಳುವುದು ಸುಲಭ, ಅದನ್ನು ಬರೆದು ಸಹಿ ಹಾಕುವುದು ಕಷ್ಟ. ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ತಾರೀಖಿನ ಜೊತೆ ಸಹಿ ಹಾಕಿಸಿಕೊಂಡು ಬನ್ನಿ. ಆನ್‌ಲೈನಿನಲ್ಲಿ ಕೊಟ್ಟರೆ ದೂರಿನ ಸಂಖ್ಯೆಯನ್ನು ಸ್ಕ್ರೀನ್‌ಶಾಟ್ ತೆಗೆದಿಡಿ. ಬೀದಿ ದೀಪ ಕೆಟ್ಟಿದ್ದರೆ "ನಮ್ಮ ಬೀದಿ ಕತ್ತಲು" ಅನ್ನುವ ಬದಲು ಕಂಬದ ಮೇಲಿನ ಸಂಖ್ಯೆ ಬರೆಯಿರಿ. ರಿಪೇರಿಗೆ ಬರುವವರು ಬೀದಿಯೆಲ್ಲ ಹುಡುಕುವುದು ತಪ್ಪುತ್ತದೆ.

ಒಬ್ಬರೇ ಹೋಗಬೇಡಿ. ಗುಂಪು ಕಟ್ಟಿಕೊಂಡು ನುಗ್ಗುವುದೂ ಬೇಡ. ನಾವು ನಾಲ್ಕು ಜನ ತಾಯಂದಿರು ಹೋಗಿದ್ದೆವು, ಅಷ್ಟು ಸಾಕಾಯಿತು. ಒಬ್ಬಳೇ ಹೋದರೆ "ಆಕೆಗೆ ಯಾವಾಗಲೂ ಏನಾದರೂ ಇರುತ್ತೆ" ಅಂದುಬಿಡುತ್ತಾರೆ. ಆಕೆಯ ಮಗುವನ್ನು ಶಾಲೆಯವರು ಬೇರೆ ಕಣ್ಣಿಂದ ನೋಡುವ ಭಯವೂ ಇರುತ್ತದೆ. ನಾಲ್ಕು ಹೆಸರು ಒಟ್ಟಿಗೆ ಇದ್ದರೆ ಯಾವ ಮಗುವಿನ ಮೇಲೂ ಸಿಟ್ಟು ತೀರಿಸಿಕೊಳ್ಳಲು ಆಗುವುದಿಲ್ಲ.

ಹಣದ ಲೆಕ್ಕವನ್ನೂ ಕೇಳಿ. ಇದು ಜಗಳವಲ್ಲ, ಹಕ್ಕು. ಸರ್ಕಾರದ ಕಾಗದ ನೋಡುವ ಹಕ್ಕನ್ನು ಸ್ವೀಡನ್ 1766ರಲ್ಲೇ ಕಾನೂನು ಮಾಡಿ ಕೊಟ್ಟಿತ್ತು, ಈಗ ಎಷ್ಟೋ ದೇಶಗಳಲ್ಲಿ ಅಂಥ ಕಾನೂನು ಇದೆ. ಲೆಕ್ಕ ಹೊರಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಉಗಾಂಡದ ಶಾಲೆಗಳ ಕಥೆ ನನಗೆ ಮರೆಯುವುದೇ ಇಲ್ಲ. ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಮಗುವಿಗೆ ಇಷ್ಟು ಅಂತ ಹಣ ಕಳಿಸುತ್ತಿತ್ತು. 1991ರಿಂದ 1995ರವರೆಗಿನ ಲೆಕ್ಕ ನೋಡಿದಾಗ ಸರಾಸರಿ ಶೇಕಡ 13ರಷ್ಟು ಮಾತ್ರ ಶಾಲೆ ಮುಟ್ಟಿತ್ತು, ಉಳಿದದ್ದು ದಾರಿಯಲ್ಲೇ ಹೋಗಿತ್ತು. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಹಣ ಬಿಡುಗಡೆಯಾಯಿತು ಅಂತ ಸರ್ಕಾರವೇ ಪತ್ರಿಕೆಯಲ್ಲಿ ಹಾಕಿತು, ಶಾಲೆಯ ಬಾಗಿಲಲ್ಲೂ ಅಂಟಿಸಲು ಹೇಳಿತು. 2001ರ ಹೊತ್ತಿಗೆ ಶೇಕಡ 80ಕ್ಕಿಂತ ಜಾಸ್ತಿ ಹಣ ಶಾಲೆ ತಲುಪುತ್ತಿತ್ತು. ಆ ವರ್ಷಗಳಲ್ಲಿ ಬೇರೆ ಸುಧಾರಣೆಗಳೂ ನಡೆದಿದ್ದವು, ಎಲ್ಲವೂ ಪತ್ರಿಕೆಯಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಎಷ್ಟು ಬರಬೇಕು ಅಂತಲೇ ಗೊತ್ತಿಲ್ಲದ ತಂದೆತಾಯಿ ಯಾವ ಬಾಯಲ್ಲಿ ಕೇಳಬೇಕು?

ನಮ್ಮ ಚಿಲಕದ ಅರ್ಜಿಗೆ ಹದಿನೈದು ದಿನದಲ್ಲಿ ಏನೂ ಆಗಲಿಲ್ಲ. ಹದಿನಾರನೇ ದಿನ ಅದೇ ನಾಲ್ಕು ಜನ, ಸಹಿಯಿದ್ದ ಪ್ರತಿ ಹಿಡಿದುಕೊಂಡು ಮತ್ತೆ ಹೋದೆವು. ಗದ್ದಲ ಮಾಡಲಿಲ್ಲ. "ಹದಿನೈದು ದಿನ ಆಯ್ತು ಸಾರ್, ಯಾವ ಕಚೇರಿ ಅಂತ ಬರೆದುಕೊಡಿ" ಎಂದೆವು, ಅಷ್ಟೇ. ಮೂರನೇ ದಿನ ಚಿಲಕ ಬಂತು.

ಅವರ ಪಾಲನ್ನು ಸುಮ್ನೆ ನಾವೇ ಮಾಡಿಬಿಟ್ಟರೆ

"ಒಂದು ಚಿಲಕಕ್ಕೆ ಇಷ್ಟು ಓಡಾಟ ಬೇಕಿತ್ತಾ, ನೀವೇ ತಂದು ಹಾಕಿಸಬಹುದಿತ್ತಲ್ಲ" ಎಂದು ಒಬ್ಬರು ಕೇಳಿದರು. ಹಾಕಿಸಬಹುದಿತ್ತು. ಆಗ ಮುಂದಿನ ವರ್ಷದ ಚಿಲಕವೂ, ಅದರ ಮುಂದಿನ ವರ್ಷದ ಬಾಗಿಲೂ ನಮ್ಮದೇ ಆಗುತ್ತಿತ್ತು. ನಮಗೆ ಕೈಯಲ್ಲಿ ಕಾಸಿದೆ, ಹಾಕಿಸುತ್ತೇವೆ. ತಂದೆತಾಯಿ ಬಳಿ ಕಾಸಿಲ್ಲದ ಶಾಲೆಯ ಹುಡುಗಿಯರು ಏನು ಮಾಡಬೇಕು?

ತುರ್ತು ಇದ್ದರೆ ಖಂಡಿತ ನೀವೇ ಮಾಡಿ. ಮಗುವಿಗೆ ಅಪಾಯ ಇರುವಾಗ ಅರ್ಜಿಯ ಉತ್ತರಕ್ಕೆ ಕಾಯುತ್ತಾ ಕೂರಬಾರದು. ಆದರೆ ಮಾಡಿದ ದಿನವೇ ಬರೆದು ತಿಳಿಸಿ: ಇದು ನಿಮ್ಮ ಕೆಲಸ, ತುರ್ತಿಗೆ ನಾವು ಮಾಡಿದ್ದೇವೆ, ಇಂಥ ತಾರೀಖಿನೊಳಗೆ ಖಾಯಂ ವ್ಯವಸ್ಥೆ ಮಾಡಿ.

ಶಾಲೆ ಬಿಡಿಸುವ ಮಾತಿಗೂ ಇದೇ ಅನ್ವಯಿಸುತ್ತದೆ. ಸರ್ಕಾರಿ ಶಾಲೆ ಸರಿ ಇಲ್ಲ ಅಂತ ಹಣ ಕೊಟ್ಟು ಬೇರೆ ಶಾಲೆಗೆ ಸೇರಿಸುವವರನ್ನು ನಾನು ತಪ್ಪು ಅನ್ನಲಾರೆ, ಮಗುವಿನ ಬಾಲ್ಯ ಯಾರಿಗೂ ಕಾಯುವುದಿಲ್ಲ. ಆದರೆ ಆಲ್ಬರ್ಟ್ ಹರ್ಶ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ನೈಜೀರಿಯಾದ ರೈಲ್ವೆ ಬಗ್ಗೆ ಬರೆದ ಮಾತನ್ನು ನೆನಪಿಡಿ. ಲಾರಿಗಳು ಪೈಪೋಟಿಗೆ ಬಂದರೆ ರೈಲು ಸುಧಾರಿಸಬೇಕಿತ್ತು, ಸುಧಾರಿಸಲಿಲ್ಲ. ಯಾಕೆಂದರೆ ಜೋರಾಗಿ ಕೇಳಬಲ್ಲ ಗಿರಾಕಿಗಳೇ ಮೊದಲು ಲಾರಿಗೆ ಹೋದರು, ರೈಲನ್ನು ಗದರಿಸಿ ಕೇಳುವವರೇ ಉಳಿಯಲಿಲ್ಲ. ಅರ್ಜಿ ಬರೆಯಲು ಬರುವ ತಂದೆತಾಯಿಯೆಲ್ಲ ಎದ್ದು ಹೋದ ಶಾಲೆಯಲ್ಲೂ ಆಗುವುದು ಅದೇ. ಬಿಡಿಸಿದರೂ ಕೇಳುವುದನ್ನು ಬಿಡಬೇಡಿ. ಹಳೆಯ ಶಾಲೆಯ ತಂದೆತಾಯಿಗೆ ಒಂದು ಅರ್ಜಿ ಬರೆದುಕೊಡಲು ನಿಮ್ಮ ಮಗು ಅಲ್ಲೇ ಓದುತ್ತಿರಬೇಕಾಗಿಲ್ಲ.

ಎಲ್ಲರ ಪಾಲೂ ಒಂದೇ ಅಳತೆಯದಲ್ಲ

ದಿನಕ್ಕೆ 20 ನಿಮಿಷ ಅಂತ ಮೇಲೆ ಬರೆದೆ. ಎರಡು ಕಡೆ ದುಡಿದು ರಾತ್ರಿ ಹತ್ತಕ್ಕೆ ಮನೆ ಸೇರುವ ತಾಯಿಗೆ ಆ 20 ನಿಮಿಷ ಎಲ್ಲಿಂದ ಬರಬೇಕು? "ಜವಾಬ್ದಾರಿ ಇಲ್ಲದ ತಂದೆತಾಯಿ" ಎಂಬ ಮಾತನ್ನು ಆಕೆಯ ಮೇಲೆ ಎಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಮನೆಯಲ್ಲಿ ಸರ್ಕಾರದ ಪಾಲು ಜಾಸ್ತಿ ಇರಬೇಕು. ಶಾಲೆ ಬಿಟ್ಟ ಮೇಲೆ ಅಲ್ಲೇ ಒಂದು ಗಂಟೆ ಕೂತು ಓದುವ ವ್ಯವಸ್ಥೆ ಬೇಕು, ಸಂಜೆ ತೆರೆದಿರುವ ಗ್ರಂಥಾಲಯ ಬೇಕು. ಆಕೆ ಅದನ್ನು ಕೇಳಲು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ಬಿಡುವಿರುವವರ ಹಾಳೆಯಲ್ಲಿ ಇನ್ನೊಂದು ಸಾಲು ಸೇರಬೇಕು: ಬಿಡುವಿಲ್ಲದವರ ಪರವಾಗಿ ಕೇಳುವುದು. ನಮ್ಮ ಅರ್ಜಿಯಲ್ಲಿ ಹೋದ ನಾಲ್ವರ ಸಹಿಯ ಜೊತೆಗಿದ್ದ ಐದನೇ ಸಹಿ ಅಂಥ ತಾಯಿಯದು. ರಾತ್ರಿ ಅವರ ಮನೆ ಬಾಗಿಲಲ್ಲೇ ಅರ್ಜಿಯನ್ನು ಓದಿ ಹೇಳಿದೆವು. ಎರಡು ಸಲ ಓದಿಸಿದರು. ಆಮೇಲೆ "ನೀರು ಕುಡಿಯಲ್ಲ ಅನ್ನೋದನ್ನೂ ಬರೀರಿ, ನನ್ನ ಮಗಳು ಬಾಟಲಿ ಹಾಗೇ ವಾಪಸ್ ತರ್ತಾಳೆ" ಎಂದರು. ಆ ಸಾಲು ಅರ್ಜಿಗೆ ಸೇರಿದ್ದು ಹಾಗೆ. ಅರ್ಜಿಯಲ್ಲಿ ಮುಖ್ಯ ಶಿಕ್ಷಕರು ಗೆರೆ ಎಳೆದು ಗುರುತು ಹಾಕಿದ್ದು ಅದೊಂದೇ ಸಾಲಿಗೆ.

ಹಾಳೆ ಮಾಡಿದ ಮೇಲೆ ಗೋಡೆಗೆ ಅಂಟಿಸಿ, ಮೂರು ತಿಂಗಳಿಗೊಮ್ಮೆ ತಿದ್ದಿ. ನಮ್ಮ ಮನೆಯದರಲ್ಲಿ ಚಿಲಕದ ಸಾಲಿಗೆ ಗೀಟು ಬಿದ್ದಿದೆ. ಕಣ್ಣಿನ ತಪಾಸಣೆಯನ್ನು ಶಾಲೆಯಲ್ಲೇ ಮಾಡಿಸಬೇಕು ಎಂಬ ಅರ್ಜಿ ಇನ್ನೂ ಓಡಾಡುತ್ತಿದೆ, ಎರಡನೇ ಕಚೇರಿಯಲ್ಲಿದೆ. ಅದರ ಪಕ್ಕದಲ್ಲಿ ಮುಂದೆ ಹೋಗಬೇಕಾದ ತಾರೀಖು ಬರೆದಿದ್ದೇನೆ. ಮಗಳು ಈಗ ಅದನ್ನು ಕೂತಲ್ಲಿಂದಲೇ ಓದುತ್ತಾಳೆ.